ಭಜನೆಯ ಪಕ್ಕದ ಕೋಣೆ

ಮೊನ್ನೆ ತುಮಕೂರಿನ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಲಾವಂಚದ ಬೇರಿನ ಕಟ್ಟೊಂದನ್ನು ನೀರಲ್ಲಿ ಅದ್ದಿ ಮೂಗಿನ ಹತ್ತಿರ ಹಿಡಿದು, “ವಾಸನೆ ನೋಡಿ ಮೇಡಂ, ಎಷ್ಟು ತಂಪು” ಅಂದ. ತಂಪಂತೆ! ನನಗೆ ಕಿವಿಯೆಲ್ಲ ಬಿಸಿಯಾಯಿತು. ಬೇರೆಯವರಿಗೆ ಲಾವಂಚ ಅಂದರೆ ಅಜ್ಜಿಯ ಸೀರೆ ಪೆಟ್ಟಿಗೆಯೋ ಬೇಸಿಗೆಯ ಕುಡಿಯುವ ನೀರೋ ನೆನಪಾಗಬಹುದು. ನನಗೆ ನೆನಪಾಗುವುದು ದಿಲ್ಲಿಯ ಕರೋಲ್ ಬಾಗಿನ ಒಂದು ಔಷಧಿ ಅಂಗಡಿ, ಅದರ ಬಾಗಿಲಲ್ಲಿ ಗುಡುಗುಡು ಅನ್ನುತ್ತಿದ್ದ ಕೂಲರು, ಆ ಕೂಲರಿನ ಒದ್ದೆ ಲಾವಂಚದ ಗಾಳಿಗೆ ಬೆನ್ನು ಕೊಟ್ಟುಕೊಂಡೂ ಬೆವರುತ್ತಾ ನಿಂತಿದ್ದ ನಾವಿಬ್ಬರು. ಎರಡು ಸಾವಿರದ ಐದರ ಬೇಸಿಗೆ. ನಾನು ಮತ್ತು ಸುಧಾ.

ಸುಧಾ ಚಿತ್ರದುರ್ಗದವಳು, ನನ್ನ ರೂಮ್‌ಮೇಟು. ಅವಳದು ಜೀವವಿಜ್ಞಾನದ ಎಂ.ಎಸ್ಸಿ., ನನ್ನದು ಸಮಾಜಶಾಸ್ತ್ರದ ಎಂ.ಎ., ಇಬ್ಬರದೂ ಕೊನೆಯ ವರ್ಷ. ಅವಳ ಅಪ್ಪ ಹೈಸ್ಕೂಲು ಮೇಷ್ಟ್ರು. ಮಗಳನ್ನು ರೈಲು ಹತ್ತಿಸುವಾಗ, “ಒಂದೇ ಒಂದು ದೂರು ಬಂದರೂ ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ, ಪರೀಕ್ಷೆ ಗಿರೀಕ್ಷೆ ನೋಡಲ್ಲ” ಅಂದಿದ್ದರಂತೆ. ಆ ದೂರು ಕೊಡುವ ಅಧಿಕಾರವಿದ್ದದ್ದು ಲೋಕಲ್ ಗಾರ್ಡಿಯನ್‌ಗೆ. ಊರಿಂದ ದೂರ ಬಂದ ಹುಡುಗಿಗೆ ದಿಲ್ಲಿಯಲ್ಲೊಬ್ಬರು ಜವಾಬ್ದಾರರಿರಬೇಕು ಅಂತ ನಮ್ಮ ಹಾಸ್ಟೆಲಿನ ನಿಯಮ. ಅವರ ಸಹಿ ಇಲ್ಲದೆ ಒಂದು ರಾತ್ರಿ ಹೊರಗೆ ಉಳಿಯುವ ಹಾಗಿಲ್ಲ. ಹಾಗಾಗಿ ಓದಲು ಬಂದ ಪ್ರತಿ ಕನ್ನಡದ ಹುಡುಗಿಗೂ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಬ್ಬ ಮಾವ ಹುಟ್ಟಿಕೊಳ್ಳುತ್ತಿದ್ದ. ಸುಧಾಳ ಪಾಲಿಗೆ ಹುಟ್ಟಿದವರು ಮೂರ್ತಿ ಅಂಕಲ್ ಮತ್ತು ಅವರ ಹೆಂಡತಿ ಪದ್ಮಾ ಆಂಟಿ.

ಇನ್ನು ಅರವಿಂದ. ಕೋಲಾರದ ಹುಡುಗ, ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಯುಗಾದಿಗೆ ಕನ್ನಡದ ಹುಡುಗರೆಲ್ಲ ಸೇರಿ ಹೋಳಿಗೆ ಮಾಡಲು ಹೋಗಿ ಹಿಟ್ಟನ್ನೆಲ್ಲ ಬೆಲ್ಲದ ಅಂಟು ಮಾಡಿಕೊಂಡಿದ್ದಾಗ ಸುಧಾಳ ಪಕ್ಕ ನಿಂತು ಪಾತ್ರೆ ತೊಳೆದವನು. ಪಾತ್ರೆ ತೊಳೆಯುವ ಗಂಡಸು ಅಂತ ಸುಧಾ ಅಲ್ಲೇ ಬಿದ್ದಳು. ಒಂದು ವರ್ಷದ ಪ್ರೀತಿ. ಇಬ್ಬರೂ ಇಪ್ಪತ್ತು ದಾಟಿದವರು, ಒಬ್ಬರನ್ನೊಬ್ಬರು ಬಯಸಿದವರು, ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ತೊಡಕಾಗಿದ್ದು ಒಂದೇ. ಸುಧಾ ಒಮ್ಮೆ ಬಾಯಿಬಿಟ್ಟು, “ಕಾಂಡೋಮ್ ಇಲ್ಲದೆ ಬೇಡ” ಅಂದಿದ್ದಳು. ಅವನ ಮುಖ ಸಣ್ಣದಾಯಿತು. “ನನ್ನ ಮೇಲೆ ನಂಬಿಕೆ ಇಲ್ವಾ?” ಅಂದ. ಅಷ್ಟೇ, ಅವಳು ಮತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಆ ನಂಬಿಕೆ ಅನ್ನುವ ಮಾತು ನೋಡಿ, ಎಷ್ಟು ಹುಡುಗಿಯರ ಬಾಯಿ ಮುಚ್ಚಿಸಿದೆಯೋ ದೇವರೇ ಬಲ್ಲ.

ಅವಳು ಹಾಗೆ ಕೇಳಲು ಕಾರಣವಿತ್ತು. ಆ ಚಳಿಗಾಲದಲ್ಲಿ ನಮ್ಮ ಮೇಲಿನ ಮಹಡಿಯ ಹುಡುಗಿಯೊಬ್ಬಳು ಯಾರದೋ ಮಾತು ಕೇಳಿ ಬಸಿರು ಇಳಿಸಲು ಯಾವುದೋ ಮಾತ್ರೆ ನುಂಗಿ ರಕ್ತ ನಿಲ್ಲದೆ ಆಸ್ಪತ್ರೆ ಸೇರಿದ್ದಳು. ಬದುಕಿದಳು, ಆದರೆ ಮನೆಯವರು ಬಂದು ಕರೆದುಕೊಂಡು ಹೋದರು, ಓದು ಅಲ್ಲಿಗೇ ನಿಂತಿತು. ಅವಳ ಹಾಸಿಗೆ ಸುತ್ತಿ ಕೊಟ್ಟವಳು ಸುಧಾ. ಅವತ್ತಿನಿಂದ ಸುಧಾಗೆ ನಿದ್ದೆಯಲ್ಲೂ ಅದೇ ಭಯ.

ನಮಗೇನೂ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಆ ಕಾಲದಲ್ಲಿ ಗೋಡೆಗೋಡೆಯ ಮೇಲೂ ಏಡ್ಸ್ ಇತ್ತು. ಕಾಲೇಜಿನಲ್ಲಿ ಪೋಸ್ಟರ್ ಸ್ಪರ್ಧೆ ಇಟ್ಟಾಗ ನಾನು ತಲೆಬುರುಡೆ, ಕೆಂಪು ರಿಬ್ಬನ್ನು, ಕೆಳಗೆ “ಎಚ್ಚರ!” ಅಂತ ಬರೆದು ಎರಡನೇ ಬಹುಮಾನ ಹೊಡೆದಿದ್ದೆ. ಏನೆಚ್ಚರ, ಹೇಗೆ ಎಚ್ಚರ, ಅಂಗಡಿಗೆ ಹೋಗಿ ಏನಂತ ಕೇಳಬೇಕು, ಹುಡುಗ ಮುಖ ಸಣ್ಣ ಮಾಡಿಕೊಂಡರೆ ಏನು ಹೇಳಬೇಕು, ಅದು ಯಾವ ಪೋಸ್ಟರಿನಲ್ಲೂ ಇರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಉಳಿದದ್ದನ್ನು ನಾವು ಕಲಿತದ್ದು ಸೀನಿಯರ್‌ಗಳ ಪಿಸುಮಾತಿನಿಂದ, ಹೆಂಗಸರ ಪತ್ರಿಕೆಯ ಪ್ರಶ್ನೋತ್ತರದಿಂದ, ಟಿ.ವಿ.ಯಲ್ಲಿ ಜಾಹೀರಾತು ಬಂದ ತಕ್ಷಣ ಚಾನೆಲ್ ಬದಲಿಸುತ್ತಿದ್ದ ಅಪ್ಪಂದಿರಿಂದ.

“ಅವನು ತರಲ್ಲ ಅಂದ್ರೆ ನೀನೇ ತಗೊಂಡು ಇಟ್ಕೋ” ಅಂದವಳು ನಾನೇ. ಮೂಗಿನ ತುದಿಯಲ್ಲೇ ಕೋಪ ನನಗೆ, ಇವತ್ತಿಗೂ. ಕ್ಯಾಂಪಸ್ಸಿನ ಹತ್ತಿರದ ಅಂಗಡಿಯಲ್ಲಿ ಕೊಂಡರೆ ಯಾರಾದರೂ ನೋಡಿಬಿಡುತ್ತಾರೆ ಅಂತ ಬಸ್ಸು ಬದಲಿಸಿ ಬದಲಿಸಿ ಕರೋಲ್ ಬಾಗಿಗೆ ಹೋದೆವು. ಆ ಜನಜಂಗುಳಿಯಲ್ಲಿ ನಮ್ಮನ್ನು ಗುರುತಿಸುವವರು ಯಾರು? ಮೆಟ್ರೋ ಕೆಲಸ ನಡೆಯುತ್ತಿತ್ತು, ರೈಲಿನ್ನೂ ಬಂದಿರಲಿಲ್ಲ, ಧೂಳು ಮಾತ್ರ ಬಂದಿತ್ತು. ಬಿಸಿಲಿಗೆ ಕಣ್ಣು ಬಿಡಲಾಗದೆ ಸೈಕಲ್ ರಿಕ್ಷಾಗಳ ನಡುವೆ ನುಸುಳಿಕೊಂಡು, ಕೂಲರ್ ಇದ್ದ ಒಂದು ಔಷಧಿ ಅಂಗಡಿ ಹೊಕ್ಕೆವು.

“ಹಾಂ ಜೀ, ಕ್ಯಾ ದೂಂ?” ಅಂದ ಅಂಗಡಿಯವನು, ಏನು ಕೊಡಲಿ ಅಂತ.

ಸುಧಾ ಬಾಯಿ ತೆರೆದಳು. “ಭಯ್ಯಾ, ತಲೆನೋವಿನ ಮಾತ್ರೆ” ಅಂತ ಹಿಂದಿಯಲ್ಲಿ ಕೇಳಿದಳು. ಕೊಟ್ಟ. “ಔರ್?” ಅಂದ. “ಹತ್ತಿ.” ಕೊಟ್ಟ. “ಔರ್?” ಅಂದ. “ಕೆಮ್ಮಿನ ಸಿರಪ್ಪು.”

ನನಗೆ ತಡೆಯಲಾಗಲಿಲ್ಲ. “ಏನೇ ನೀನು, ಆಸ್ಪತ್ರೆ ಇಡ್ತೀಯೇನೇ? ಕೇಳೇ ಬೇಗ!” ಅಂತ ಕನ್ನಡದಲ್ಲಿ ಗದರಿದೆ. ಇಲ್ಲೇ ನಾವು ಎಡವಿದ್ದು. ದಿಲ್ಲಿಯಲ್ಲಿರುವ ಕನ್ನಡಿಗರಿಗೆಲ್ಲ ಒಂದು ರೋಗ ಉಂಟು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಪಕ್ಕದಲ್ಲಿರುವವನ ಹೊಟ್ಟೆಯ ಬಗ್ಗೆಯೋ ನಮ್ಮದೇ ಮನೆಯ ಗುಟ್ಟಿನ ಬಗ್ಗೆಯೋ ಗಂಟಲು ಬಿಟ್ಟು ಮಾತಾಡುವುದು, ಇಲ್ಲಿ ಯಾರಿಗೆ ಕನ್ನಡ ಗೊತ್ತು ಅಂತ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

“ನೀನೇ ಕೇಳೇ.”

“ನಾನ್ಯಾಕೆ ಕೇಳ್ಲಿ? ಬೇಕಾಗಿರೋದು ನಿಂಗೆ. ಕಾಂಡೋಮ್ ಅನ್ನೋದು ಇಂಗ್ಲಿಷ್ ಪದ ತಾನೇ, ಅವನಿಗೂ ಅರ್ಥ ಆಗುತ್ತೆ.”

“ತಗೊಂಡು ಹೋದ್ರೂ ಅರವಿಂದ ಏನಂತಾನೋ. ಇದೆಲ್ಲ ನಿಂಗೆ ಹೇಗೆ ಗೊತ್ತು ಅಂದ್ರೆ? ಯಾರ ಜೊತೆ ಅಭ್ಯಾಸ ಅಂದ್ರೆ?”

“ಹಾಗಂದ್ರೆ ಕಪಾಳಕ್ಕೆ ಬಿಡು. ಅವನ ನಂಬಿಕೆ ಅವನ ಹತ್ರಾನೇ ಇರ್ಲಿ. ಹೊಟ್ಟೆ ಬಂದ್ರೆ ಹೊರೋಳು ನೀನಾ ಅವನಾ?”

ಆಗ ಹಿಂದಿನಿಂದ, ಅಚ್ಚ ಹಾಸನದ ಕನ್ನಡದಲ್ಲಿ, ಒಂದು ಶಾಂತವಾದ ದನಿ ಬಂತು. “ಸ್ವಲ್ಪ ಪಕ್ಕಕ್ಕೆ ಸರೀರಮ್ಮ. ನಾನು ಬಿ.ಪಿ. ಮಾತ್ರೆ ತಗೋಬೇಕು.”

ಅಯ್ಯೋ ಶಿವನೇ! ಸುಧಾಳ ಕೈಯಿಂದ ಹತ್ತಿಯ ಸುರುಳಿ ಜಾರಿ ಬಿತ್ತು. ತಿರುಗಿ ನೋಡಿದರೆ ಐವತ್ತರ ಹತ್ತಿರದ ಹೆಂಗಸು, ಹತ್ತಿ ಸೀರೆ, ಕೈಯಲ್ಲಿ ರವಿಕೆ ಕಣದ ಚೀಲ. ಮಾತ್ರೆ ಕೊಂಡು, ಕನ್ನಡಕ ಮೂಗಿಗೇರಿಸಿ ಸುಧಾಳನ್ನೇ ನೋಡಿ, “ನೀನು ನಮ್ಮ ಮಹಡಿ ಮೇಲಿನ ಮೂರ್ತಿಯವರ ಮನೆಗೆ ಬರೋ ಹುಡುಗಿ ಅಲ್ವಾ?” ಅಂದರು. ಸುಧಾ ಬಗ್ಗಿ ಹತ್ತಿಯ ಸುರುಳಿ ಹೆಕ್ಕಿದಳು. “ನಾನು ಕಮಲಾಕ್ಷಿ. ಅವರ ಕೆಳಗಿನ ಮನೆ. ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ” ಅಂತ ಹೇಳಿ ಹೊರಟೇ ಹೋದರು. ನಾವು ಬಂದ ಕೆಲಸ ಬಿಟ್ಟು ಕೆಮ್ಮಿನ ಸಿರಪ್ಪಿನೊಂದಿಗೆ ಬಸ್ಸು ಹತ್ತಿದೆವು.

ಭಾನುವಾರದವರೆಗೆ ಸುಧಾ ಅನ್ನ ಮುಟ್ಟಲಿಲ್ಲ. ಹಾಸ್ಟೆಲಿನ ಫೋನು ಗಂಟೆ ಹೊಡೆದರೆ ಅಪ್ಪನದೇ ಅಂತ ಬೆಚ್ಚಿ ಬೀಳುತ್ತಿದ್ದಳು. “ಪರೀಕ್ಷೆಗೆ ಕೂರೋಕೂ ಬಿಡಲ್ಲ ಕಣೇ ಅಪ್ಪ. ಎರಡು ವರ್ಷ ನೀರಲ್ಲಿ ಹೋಮ” ಅಂತ ಅಳುತ್ತಿದ್ದಳು. ಆದರೆ ಹೋಗದಿದ್ದರೆ ಇನ್ನೂ ಕೆಟ್ಟದಾಗುತ್ತದೆ ಅಂತ ಎಳೆದುಕೊಂಡು ಹೋದೆ.

ಆರ್.ಕೆ.ಪುರಂನ ಆ ಮನೆ ಉಳಿದ ಸರ್ಕಾರಿ ಮನೆಗಳ ಹಾಗೇ ಇತ್ತು, ಹಳದಿ ಸುಣ್ಣ, ಬಾಲ್ಕನಿಯಲ್ಲಿ ಹಪ್ಪಳ, ಕಿಟಕಿಯಲ್ಲಿ ಕೂಲರು. ಕಮಲಾಕ್ಷಿ ಆಂಟಿ ಯಾವುದೋ ಕೇಂದ್ರ ಸಚಿವಾಲಯದಲ್ಲಿ ಗುಮಾಸ್ತೆ. ಗಂಡನನ್ನು ಕಲ್ಲಂಗಡಿ ತರಲು ಅಟ್ಟಿ, ಬಾಗಿಲು ಹಾಕಿ, ನಮ್ಮೆದುರು ತಟ್ಟೆ ಇಟ್ಟು ಬಿಸಿಬೇಳೆಬಾತು ಬಡಿಸಿದರು. ಮೊದಲ ತುತ್ತಿಗೇ ಸುಧಾಳ ಕಣ್ಣೀರು ದಳದಳ ಇಳಿಯಿತು.

“ಅಳಬೇಡಮ್ಮ, ಉಪ್ಪು ಹೆಚ್ಚಾಗುತ್ತೆ” ಅಂದರು ಆಂಟಿ.

“ಆಂಟಿ, ಅಪ್ಪಂಗೆ ಹೇಳಬೇಡಿ...”

“ನಾನ್ಯಾಕೆ ನಿಮ್ಮಪ್ಪಂಗೆ ಹೇಳ್ಲಿ? ಊಟ ಮಾಡು ಮೊದಲು.” ಆಮೇಲೆ ನಮ್ಮ ಮುಖ ನೋಡದೆ, ಸೌಟಿಗೆ ಹೇಳುವ ಹಾಗೆ ಹೇಳತೊಡಗಿದರು. “ಮದುವೆ ಆಗಿ ಈ ಊರಿಗೆ ಬಂದಾಗ ನಂಗೆ ಹತ್ತೊಂಬತ್ತು. ಹಿಂದಿ ಬರ್ತಿರಲಿಲ್ಲ. ಮೊದಲನೇ ವರ್ಷಾನೇ ಬಸುರಿ ಆದೆ. ಇರೋಕೆ ಸರಿಯಾದ ಮನೆ ಇಲ್ಲ, ನನ್ನ ಓದು ಅರ್ಧಕ್ಕೆ ನಿಂತಿತ್ತು. ಪಕ್ಕದ ಮನೆ ಪಂಜಾಬಿ ಹೆಂಗಸು ಕರ್ಕೊಂಡು ಹೋಗಿ ತೆಗೆಸಿದಳು. ಮಾರನೇ ವರ್ಷ ಮತ್ತೆ ಹಾಗೇ ಆಯ್ತು. ಎರಡನೇ ಸಲ ಮೈಯಲ್ಲಿ ರಕ್ತಾನೇ ಉಳೀಲಿಲ್ಲ. ಆಮೇಲೆ ಎಷ್ಟೋ ವರ್ಷ ಮಗೂನೇ ನಿಲ್ಲಲಿಲ್ಲ. ಮೊನ್ನೆ ಅಂಗಡೀಲಿ ನೀವಿಬ್ಬರು ಜಗಳ ಆಡ್ತಿದ್ರಲ್ಲ, ನಂಗೆ ಕೋಪ ಬರಲಿಲ್ಲ ಕಣ್ರೇ. ಹೊಟ್ಟೆಕಿಚ್ಚಾಯ್ತು. ನಂಗೆ ಹಾಗೆ ಬೈಯೋಕೆ ಒಬ್ಬ ಗೆಳತಿ ಇರಲಿಲ್ಲವಲ್ಲ ಅಂತ.”

ನಮ್ಮನ್ನು ಬೈಯಲು ಕರೆದಿದ್ದಾರೆ ಅಂದುಕೊಂಡು ಬಂದಿದ್ದೆವು.

ಆಮೇಲೆ ಆಂಟಿ ವಿಷಯಕ್ಕೆ ಬಂದರು. ಮಗಳು ಅನಘಾ, ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಾಳೆ. ಈಗೀಗ ಮೊಬೈಲು ಹಿಡಿದು ಬಾಲ್ಕನಿ ಸೇರುತ್ತಾಳೆ. “ಅವಳಿಗೆ ಹೇಳಬೇಕು ಅನ್ಸುತ್ತೆ. ಹೇಗೆ ಹೇಳ್ಲಿ? ಕನ್ನಡದಲ್ಲಿ ಹೇಳಿದ್ರೆ ಬೈಗುಳ ಆಗುತ್ತೆ, ಹಿಂದೀಲಿ ಹೇಳಿದ್ರೆ ಬಸ್ ಸ್ಟಾಂಡ್ ಮಾತಾಗುತ್ತೆ, ಇಂಗ್ಲಿಷಲ್ಲಿ ಫೈಲಿನ ನೋಟ್ ಬಿಟ್ರೆ ನಂಗೆ ಬೇರೆ ಬರಲ್ಲ. ಎರಡನೇ ಶನಿವಾರ ನಮ್ಮನೇಲಿ ಭಜನೆ ಇರುತ್ತೆ. ಕನ್ನಡದ ಹೆಂಗಸರೆಲ್ಲ ಬರ್ತಾರೆ, ಜೊತೆಗೆ ಹೆಣ್ಣುಮಕ್ಕಳೂ ಬರ್ತಾರೆ, ಪ್ರಸಾದಕ್ಕೆ. ಒಳಗಿನ ರೂಮಲ್ಲಿ ಆಕಳಿಸ್ಕೊಂಡು ಕೂತಿರ್ತಾರೆ. ನೀವಿಬ್ಬರು ಬಂದು ಅವರಿಗೆ ಹೇಳಿ. ಹೊರಗೆ ಭಜನೆ ನಡೀತಿರುತ್ತೆ, ಯಾರಿಗೂ ಕೇಳ್ಸಲ್ಲ.”

“ನಾವಾ? ಆಂಟಿ, ನಾವು ಅಂಗಡೀಲಿ ಕೇಳೋಕೇ ಆಗದವರು” ಅಂದೆ ನಾನು.

“ಅದಕ್ಕೇ ನೀವೇ ಸರಿ. ಗೊತ್ತಿರೋರು ಭಾಷಣ ಮಾಡ್ತಾರೆ.”

ಸುಧಾ ಹೆದರಿದಾಗ ಓದುವವಳು. ಪರೀಕ್ಷೆಯ ಪುಸ್ತಕ ಪಕ್ಕಕ್ಕಿಟ್ಟು ಗ್ರಂಥಾಲಯದಲ್ಲಿ ಕೂತು ಓದಿದಳು, ಆಮೇಲೆ ಧೈರ್ಯ ಮಾಡಿ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಎಲ್ಲವನ್ನೂ ಬಿಡಿಸಿ ಹೇಳಿ, ಮೇಜಿನ ಡ್ರಾಯರ್ ಎಳೆದು ಸರ್ಕಾರದ ಉಚಿತ ಪೊಟ್ಟಣಗಳನ್ನು ಒಂದು ಬೊಗಸೆ ತುಂಬ ಕೊಟ್ಟರು. “ವರ್ಷಗಳಿಂದ ಇಲ್ಲೇ ಬಿದ್ದಿವೆ, ಕೇಳೋಕೆ ಒಬ್ಬರೂ ಬರಲ್ಲ” ಅಂದರು. ಆಮೇಲೆ ಏನೋ ಹೊಳೆದವರಂತೆ ವಾಪಸು ಕಿತ್ತುಕೊಂಡು, ಮೇಲಿದ್ದ ತಾರೀಖು ನೋಡಿ, ಅರ್ಧಕ್ಕರ್ಧ ಕಸದ ಬುಟ್ಟಿಗೆ ಹಾಕಿದರು. ತಾರೀಖು ನೋಡಬೇಕು ಅನ್ನುವುದು ನಮ್ಮ ಮೊದಲ ಪಾಠವಾಯಿತು.

ಎರಡನೇ ಶನಿವಾರ. ಹೊರಗೆ ಬೆಂಕಿಯಂಥ ಬಿಸಿಲು, ಕಿಟಕಿಗೆಲ್ಲ ಒದ್ದೆ ಪರದೆ. ಮುಂದಿನ ಕೋಣೆಯಲ್ಲಿ ಜಮಖಾನದ ಮೇಲೆ ಹೆಂಗಸರು ತಾಳ ಹಿಡಿದು ಕೂತರು. ಅವರಲ್ಲಿ ಪದ್ಮಾ ಆಂಟಿಯೂ ಇದ್ದರು, ಸುಧಾಳ ಲೋಕಲ್ ಗಾರ್ಡಿಯನ್ನಿನ ಹೆಂಡತಿ, ಬಾಯಿ ಬಿಗಿ, ನಗು ಕಡಿಮೆ. ಅವರನ್ನು ನೋಡಿ ಸುಧಾ ನನ್ನ ಬೆನ್ನ ಹಿಂದೆ ಸರಿದಳು. “ಭಜನೆಗೆ ಬಂದ್ಯಾ? ಒಳ್ಳೇದು” ಅಂದರು ಅವರು. ನಾವು ಒಳಗಿನ ಕೋಣೆ ಸೇರಿದೆವು. ಬಾಗಿಲಿಗೆ ಹೂವಿನ ಚಿತ್ರದ ಪರದೆ ಬಿಟ್ಟರೆ ಬೇರೇನಿಲ್ಲ.

ಒಳಗೆ ಅನಘಾ ಮತ್ತು ಅವಳ ವಯಸ್ಸಿನ ನಾಲ್ಕಾರು ಹುಡುಗಿಯರು ಮಂಚದ ಮೇಲೆ ಬಿದ್ದುಕೊಂಡಿದ್ದರು. ಎಲ್ಲ ದಿಲ್ಲಿಯಲ್ಲೇ ಬೆಳೆದವರು. ಕನ್ನಡ ಹೇಳಿದರೆ ಅರ್ಥವಾಗುತ್ತದೆ, ಬಾಯಿಗೆ ಹಿಂದಿ ಬರುತ್ತದೆ. ಸುಧಾ ನೋಟ್ಸು ಬಿಡಿಸಿ, “ಮಾನವ ದೇಹದಲ್ಲಿ...” ಅಂತ ಶುರು ಮಾಡಿದಳು. ಅನಘಾ ಆಕಳಿಸಿ, “ದೀದಿ, ಬಯಾಲಜಿ ಸ್ಕೂಲ್ ಮೇಂ ಹೋ ಗಯೀ” ಅಂದಳು, ಅದೆಲ್ಲ ಸ್ಕೂಲಲ್ಲೇ ಆಯ್ತು ಅಂತ. ಸುಧಾ ನೋಟ್ಸು ಮಡಚಿದಳು. ನನ್ನನ್ನು ನೋಡಿದಳು. ಆಮೇಲೆ ಕರೋಲ್ ಬಾಗಿನ ಕಥೆ ಹೇಳಿದಳು, ಹತ್ತಿ, ಸಿರಪ್ಪು, ಬಿ.ಪಿ. ಮಾತ್ರೆ ಎಲ್ಲ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಮಂಚದಿಂದ ಉರುಳಿದರು. ನಗು ನಿಲ್ಲುವಷ್ಟರಲ್ಲಿ ಪ್ರಶ್ನೆಗಳು ಶುರುವಾಗಿದ್ದವು.

“ದೀದಿ, ಮೊದಲ ಸಲ ಏನೂ ಆಗಲ್ಲ ಅಂತಾರಲ್ಲ, ಸಚ್ ಹೈ?” ಸುಳ್ಳು, ಅಂದಳು ಸುಧಾ. “ಮರುದಿನ ಮಾತ್ರೆ ತಗೊಂಡ್ರೆ ಸಾಕಲ್ವಾ?” ಅದು ಆಪತ್ತಿಗೆ, ಅಭ್ಯಾಸಕ್ಕಲ್ಲ, ರೋಗಾನ ಅದು ತಡೆಯಲ್ಲ. “ಒಳ್ಳೆ ಹುಡುಗ ಆದ್ರೂ ಬೇಕಾ?” ರೋಗಕ್ಕೆ ಒಳ್ಳೆಯವನು ಕೆಟ್ಟವನು ಗೊತ್ತಾಗಲ್ಲ ಕಣ್ರೇ. “ಬೇಡ ಅನ್ಸಿದ್ರೆ?” ಅಂತ ಮೂಲೆಯಲ್ಲಿದ್ದ ಕನ್ನಡಕದ ಹುಡುಗಿ ಕೇಳಿದಳು. ಬೇಡ ಅನ್ಸಿದ್ರೆ ಬೇಡ, ಅದಕ್ಕೆ ಕಾರಣಾನೂ ಕೊಡಬೇಕಾಗಿಲ್ಲ, ಅಂದಳು ಸುಧಾ. ಅವಳ ದನಿಯಲ್ಲಿ ಈಗ ನಡುಕವಿರಲಿಲ್ಲ. ಪೊಟ್ಟಣ ಒಡೆದು, ಅಡುಗೆಮನೆಯಿಂದ ತಂದ ಸೌತೆಕಾಯಿಯ ಮೇಲೆ ಹೇಗೆ ಅಂತ ತೋರಿಸಿದಳು. ಕೋಸಂಬರಿಗೆ ಅಂತ ಇಟ್ಟಿದ್ದ ಸೌತೆಕಾಯಿ ಅದು. ಪಾಪ, ಆಮೇಲೆ ಅದನ್ನು ಎಸೆದೆವು.

ಆಗ ನನಗೆ ಗೊತ್ತಾಯಿತು, ಹೊರಗೆ ಭಜನೆ ತೆಳುವಾಗಿದೆ. ಮೊದಲು ದನಿಗಳು ಒಂದೊಂದಾಗಿ ಕಡಿಮೆಯಾದವು, ಆಮೇಲೆ ತಾಳ. ಕೊನೆಗೆ ಕೇಳುತ್ತಿದ್ದದ್ದು ಒಂದೇ ಮುದಿ ದನಿ, ಕಿವಿ ಕೇಳದ ಶಾರದಮ್ಮಜ್ಜಿಯದು. ಅವರೊಬ್ಬರೇ ಕಣ್ಣುಮುಚ್ಚಿ ತಾಳ ಹಾಕುತ್ತಾ ಹಾಡುತ್ತಿದ್ದರು. ಪರದೆಯ ಕೆಳಗೆ ಸಾಲಾಗಿ ಕಾಲುಂಗುರದ ಕಾಲುಗಳು ಕಾಣಿಸಿದವು.

ಸುಧಾ ಮಾತು ನಿಲ್ಲಿಸಿದಳು. ಪರದೆಯ ಆಚೆಯಿಂದ ಯಾರೋ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು: “ಮದುವೆ ಆಗಿ ಇಪ್ಪತ್ತು ವರ್ಷ ಆದವರಿಗೂ ಆ ಪೊಟ್ಟಣ ಆಗುತ್ತೇನಮ್ಮ?”

ಹುಡುಗಿಯರು ದಿಂಬಿಗೆ ಮುಖ ಒತ್ತಿಕೊಂಡರು. ಸುಧಾ ನಗಲಿಲ್ಲ. “ಆಗುತ್ತೆ ಆಂಟಿ. ಅಂಕಲ್‌ಗೂ ಆಗುತ್ತೆ” ಅಂದಳು. ಆಚೆ ಕಿಸಕ್ಕನೆ ನಗು. ಆದರೆ ಎಲ್ಲರೂ ನಗಲಿಲ್ಲ. ಒಬ್ಬಾಕೆ ದಡಬಡ ಒಳಗೆ ನುಗ್ಗಿ, “ನಾಚಿಕೆ ಇಲ್ಲದವರು! ದೇವರ ಹೆಸರಲ್ಲಿ ಕರೆದು ಇದಾ ಕಲಿಸೋದು?” ಅಂತ ಕನ್ನಡಕದ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಅವರು ಮತ್ತೆ ಆ ಭಜನೆಗೆ ಬರಲಿಲ್ಲವಂತೆ. ಆ ಹುಡುಗಿ ಬಾಗಿಲು ದಾಟುವಾಗ ತಿರುಗಿ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಗಲಾಟೆ ಅಡಗಿದ ಮೇಲೆ ಅನಘಾ ತಟ್ಟನೆ ಕೇಳಿದಳು. “ದೀದಿ, ಆಪ್ ನೇ ಅಪ್‌ನೇವಾಲೇ ಕೋ ಬೋಲಾ ಕ್ಯಾ? ಅವನಿಗೆ ನೀವು ಹೇಳಿದ್ರಾ?”

ಪರದೆಯ ಆಚೆ ಪದ್ಮಾ ಆಂಟಿ ಇದ್ದಾರೆ. ಅನಘಾಗೆ ಅದರ ಪರಿವೆ ಎಲ್ಲಿ? ನಾನು ಸುಧಾಳ ಕೈ ಚಿವುಟಿದೆ, ಇಲ್ಲ ಅನ್ನು, ಅಂಥವನು ಯಾರೂ ಇಲ್ಲ ಅನ್ನು. ಸುಧಾ ಪರದೆಯತ್ತ ನೋಡಿದಳು, ಹುಡುಗಿಯರತ್ತ ನೋಡಿದಳು. “ಒಂದು ಸಲ ಹೇಳಿದೆ. ಅವನಿಗೆ ಬೇಜಾರಾಯ್ತು. ಆಮೇಲೆ ಹೇಳೋಕೆ ಧೈರ್ಯ ಬಂದಿಲ್ಲ” ಅಂದಳು.

ಪ್ರಸಾದ ಹಂಚುವಾಗ ಪದ್ಮಾ ಆಂಟಿ ನಮ್ಮ ಹತ್ತಿರ ಬಂದರು. ದೊನ್ನೆಗೆ ಕೋಸಂಬರಿ ಹಾಕಿದರು. ಸುಧಾ ತಲೆ ಎತ್ತಲಿಲ್ಲ. “ನಿಮ್ಮಪ್ಪ ನಿನ್ನ ನಮ್ಮ ಕೈಗೆ ಒಪ್ಪಿಸಿದಾರೆ” ಅಂದರು ಆಂಟಿ. ಮುಗಿಯಿತು, ಅಂದುಕೊಂಡೆ ನಾನು. “ಪ್ರೀತಿ ಗೀತಿ ನಂಗೆ ಇಷ್ಟ ಇಲ್ಲ, ಮುಚ್ಚುಮರೆ ಯಾಕೆ. ಆದ್ರೆ ನೀನು ಇಷ್ಟು ಜನರ ಮುಂದೆ ನಿಜ ಹೇಳಿದೆ. ಅಂಥ ಹುಡುಗಿ ಬಗ್ಗೆ ನಾನು ದೂರು ಹೇಳಲ್ಲ. ಪರೀಕ್ಷೆ ಚೆನ್ನಾಗಿ ಬರಿ. ಅವನಿಗೆ ಬೇಜಾರಾದ್ರೂ ಹೇಳು, ತಿಳೀತಾ?” ಅಂದು ಇನ್ನೊಂದು ಚಮಚ ಹಾಕಿ ಮುಂದೆ ಹೋದರು. ಸುಧಾ ಆ ದೊನ್ನೆ ಹಿಡಿದುಕೊಂಡೇ ಅತ್ತಳು, ನಾನೂ ಅತ್ತೆ.

ಮೇ ತಿಂಗಳು ಬರುವ ಮುಂಚೆಯೇ ಅವಳು ಹೇಳಿದಳು. ಸಂಜೆ, ಕ್ಯಾಂಪಸ್ಸಿನ ಚಹಾದ ಅಂಗಡಿಯ ಹಿಂದಿನ ಬಂಡೆಯ ಮೇಲೆ. ನಾನು ಚಹಾ ಹಿಡಿದು ದೂರದಲ್ಲಿ ಕೂತಿದ್ದೆ, ಮಾತು ಕೇಳಿಸುತ್ತಿರಲಿಲ್ಲ. ಸುಧಾ ಹೇಳುತ್ತಿದ್ದಳು, ಅರವಿಂದ ಕಲ್ಲು ಕೆರೆಯುತ್ತಿದ್ದ. ಆಮೇಲೆ ಅವನು ಎದ್ದು ಹೊರಟುಹೋದ. ಸುಧಾ ನನ್ನ ಹತ್ತಿರ ಬಂದು, “ನಂಬಿಕೆ ಇದೆ, ಅದಕ್ಕೇ ಕೇಳ್ತಿದೀನಿ, ಇಲ್ಲದೆ ಆಗಲ್ಲ ಅಂದೆ ಕಣೇ” ಅಂದಳು. “ಅವನೇನಂದ?” ಅಂದೆ. “ಎದ್ದು ಹೋದ, ನೋಡಿದ್ಯಲ್ಲ.”

ಆ ನಂತರ ಅವನಿಂದ ಫೋನಿಲ್ಲ, ಸುಳಿವಿಲ್ಲ. ಲೂ ಗಾಳಿ ಬೀಸುತ್ತಿತ್ತು, ಬಾಗಿಲು ತೆರೆದರೆ ಮುಖಕ್ಕೆ ಕಾದ ಕಾವಲಿ ಹಿಡಿದ ಹಾಗೆ. ಸುಧಾ ಊದಿದ ಕಣ್ಣಲ್ಲೇ ಪರೀಕ್ಷೆ ಬರೆದಳು. “ಹೋದ್ರೆ ಹೋಗ್ಲಿ ಬಿಡೇ, ಪೀಡೆ ತೊಲಗಿತು” ಅಂತ ನಾನು ದಿನಕ್ಕೊಮ್ಮೆ ಅವನಿಗೆ ಮಂಗಳಾರತಿ ಎತ್ತುತ್ತಿದ್ದೆ. ಅವಳು, “ಬೈಬೇಡ್ವೇ. ಹೇಳಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಅವನು ಬೇಕು ಅಂತ ಮಾತ್ರ ಅನ್ಸುತ್ತೆ” ಅನ್ನುತ್ತಿದ್ದಳು. ಅವಳು ಎಲ್ಲಿ ಸೋತು ಅವನ ಹತ್ತಿರ ಹೋಗಿ, ನಿನ್ನಿಷ್ಟದಂತೆಯೇ ಆಗಲಿ ಅಂದುಬಿಡುತ್ತಾಳೋ ಅಂತ ನನಗೆ ಭಯ. ಹೋಗಲಿಲ್ಲ. ಎಷ್ಟೋ ಸಂಜೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ ವಾಪಸು ಬರುತ್ತಿದ್ದಳು.

ಪರೀಕ್ಷೆ ಮುಗಿದರೂ ಪ್ರಾಜೆಕ್ಟಿನ ನೆಪದಲ್ಲಿ ಉಳಿದೆವು. ಜೂನ್ ಕೊನೆಗೆ ಒಂದು ಮಧ್ಯಾಹ್ನ ಆಕಾಶ ಹಳದಿಯಾಗಿ, ಧೂಳೆದ್ದು, ದಪ್ಪ ಹನಿಗಳ ಮೊದಲ ಮಳೆ ಬಂತು. ಹುಡುಗಿಯರೆಲ್ಲ ಅಂಗಳಕ್ಕೆ ಓಡಿದರು. ಆಗಲೇ ಚೌಕೀದಾರ ಬಂದು, “ಸುಧಾ ಜೀ, ವಿಸಿಟರ್” ಅಂದ. ಅವಳು ನನ್ನ ಕೈ ಹಿಡಿದೇ ವಿಸಿಟರ್ಸ್ ರೂಮಿಗೆ ಹೋದಳು.

ಅರವಿಂದ ತೊಪ್ಪೆಯಾಗಿ ನಿಂತಿದ್ದ. ಸೊರಗಿದ್ದ. ನನ್ನನ್ನು ನೋಡಿ, “ನೀನೂ ಇರು, ನೀನಿದ್ರೆ ಬೈಯೋದಾದ್ರೂ ಬೈತೀಯ” ಅಂದ. ನಾನು ಬೈಯಲು ಬಾಯಿ ತೆರೆದೇ ಇದ್ದೆ.

“ಸುಧಾ, ನಂಬಿಕೆ ಅಂದಿದ್ದು ಸುಳ್ಳು” ಅಂದ. “ನಂಗೆ ಅದು ಹೇಗೆ ಅಂತ ಗೊತ್ತಿಲ್ಲ. ಅಂಗಡೀಲಿ ಕೇಳಿದವನಲ್ಲ, ಕೈಯಲ್ಲಿ ಹಿಡಿದವನಲ್ಲ. ನಮ್ಮ ಹಾಸ್ಟೆಲಲ್ಲಿ ಎಲ್ಲರೂ ಗೊತ್ತಿರೋರ ಹಾಗೆ ಜೋಕ್ ಹೊಡೀತಾರೆ, ನಾನೂ ಹೊಡೀತೀನಿ. ನೀನು ತಂದುಕೊಟ್ರೆ ನನ್ನ ಬಂಡವಾಳ ಬಯಲಾಗುತ್ತೆ ಅಂತ ಹೆದರಿದೆ. ಆಮೇಲೆ ನಾಚಿಕೆ ಬಿಟ್ಟು ನಮ್ಮ ವಿಂಗಿನ ಹುಡುಗರನ್ನ ಕೇಳ್ದೆ. ಬಾಯಿ ದೊಡ್ಡದು, ಒಬ್ಬನಿಗೂ ಸರಿಯಾಗಿ ಗೊತ್ತಿಲ್ಲ.”

ಸುಧಾ ಅವನನ್ನೇ ನೋಡುತ್ತಿದ್ದಳು. ಇಷ್ಟು ದಿನದ ಅಳು, ಅನ್ನ ಬಿಟ್ಟದ್ದು, ಗೇಟಿನವರೆಗೆ ಹೋಗಿ ಬಂದದ್ದು, ಎಲ್ಲ ಈ ಪೆದ್ದು ಭಯಕ್ಕಾ ಅನ್ನುವ ಹಾಗೆ. ಅವಳ ಕಣ್ಣು ತುಂಬಿತು, ಮುಖ ಮಾತ್ರ ನಗುತ್ತಿತ್ತು. “ಮತ್ತೆ ಈಗ ಯಾಕೆ ಬಂದೆ?” ಅಂದಳು.

“ನಿನ್ನ ಹತ್ರ ಕಲಿಯೋಕೆ” ಅಂದ ಅವನು. ಆಮೇಲೆ ಗೇಟಿನ ಕಡೆ ಕೈ ತೋರಿಸಿ, ದನಿ ತಗ್ಗಿಸಿ, “ಅವರೂ ಬಂದಿದಾರೆ” ಅಂದ.

ಕಿಟಕಿಯಿಂದ ಬಗ್ಗಿ ನೋಡಿದೆ. ಬೇವಿನ ಮರದ ಕೆಳಗೆ ಮೂರು ಜನ ಕನ್ನಡದ ಹುಡುಗರು, ಎಲ್ಲ ಸಂಶೋಧನೆ ಮಾಡುವ ಮಹಾಶಯರು, ಮಳೆಯಲ್ಲಿ ನೆನೆಯುತ್ತಾ ನೆಲ ನೋಡಿಕೊಂಡು ನಿಂತಿದ್ದರು.

ಸುಧಾ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡು, ಬೆತ್ತದ ಕುರ್ಚಿಗಳನ್ನು ಸಾಲಾಗಿ ಎಳೆದು ಹಾಕಿದಳು.

“ಚಲೋ, ಅವರನ್ನೂ ಕರಿ. ಒಂದೇ ಸಲ ಹೇಳ್ತೀನಿ, ಮತ್ತೆ ಮತ್ತೆ ಹೇಳಲ್ಲ” ಅಂದಳು.